ಓದುಗರ ಪ್ರಶ್ನೆ: ಬೀದಿ ಕುಣಿತದ ಧಾರಾವಾಹಿಯಲ್ಲಿ ನಿಜವೆಷ್ಟು?

ಪ್ರಶ್ನೆ: ನಗರದ ಬಡ ಬಡಾವಣೆಯೊಂದರ ಬೀದಿ ನರ್ತಕರನ್ನು ಕುರಿತ ವಿದೇಶಿ ಧಾರಾವಾಹಿಯೊಂದನ್ನು ತಪ್ಪದೆ ನೋಡುತ್ತಿದ್ದೇನೆ. ಎರಡು ಗುಂಪುಗಳ ನಡುವೆ ವೈರ ಹುಟ್ಟಿದಾಗಲೆಲ್ಲ ಅವರು ಹೊಡೆದಾಡದೆ ಕುಣಿದೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಇದು ಬರಿಯ ಕಲ್ಪನೆಯೇ? ನೆಲಕ್ಕೆ ರಟ್ಟು ಹಾಸುವುದೇಕೆ?

ಉತ್ತರ: ಬರಿಯ ಕಲ್ಪನೆಯಲ್ಲ. ಆದರೆ ನಡೆದದ್ದರ ಕ್ರಮವನ್ನು ಇಂತಹ ಧಾರಾವಾಹಿಗಳು ತಲೆಕೆಳಗು ಮಾಡುತ್ತವೆ ಎಂಬುದು ನನ್ನ ತಕರಾರು. ಬ್ರೇಕಿಂಗ್ ಅಥವಾ ಬ್ರೇಕ್‌ಡಾನ್ಸ್ ಎಂಬ ಈ ಕುಣಿತದ ತವರು ನ್ಯೂಯಾರ್ಕ್ ನಗರದ ಬ್ರಾಂಕ್ಸ್. ಹೆದ್ದಾರಿಯೊಂದಕ್ಕಾಗಿ ಸಾವಿರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಿದ್ದ ಆ ಪ್ರದೇಶದಲ್ಲಿ, 1970ರ ದಶಕದ ಆರಂಭದ ವೇಳೆಗೆ ಕಪ್ಪು ವರ್ಣೀಯ ಮತ್ತು ಪೋರ್ಟೊ ರಿಕೊ ಮೂಲದ ತರುಣರು ಗುಂಪು ಕಟ್ಟಿಕೊಂಡು ಬದುಕುತ್ತಿದ್ದರು. ಒಂದು ಗುಂಪಿನವನು ಇನ್ನೊಂದು ಗುಂಪಿನ ಬೀದಿಗೆ ಕಾಲಿಡುವುದೇ ಅಪಾಯವಾಗಿತ್ತು. 1971ರ ಡಿಸೆಂಬರ್‌ನಲ್ಲಿ, ಜಗಳ ಬಿಡಿಸಲು ಹೋದ ಘೆಟ್ಟೋ ಬ್ರದರ್ಸ್ ಗುಂಪಿನ ತರುಣನೊಬ್ಬ ಕೊಲೆಯಾದ. ಅವನ ಸಂಗಡಿಗರು ಸೇಡಿಗೆ ಹೊರಡುವ ಬದಲು ಹಲವು ಗುಂಪುಗಳನ್ನು ಹೋ ಅವೆನ್ಯೂವಿನ ಕ್ಲಬ್ಬೊಂದಕ್ಕೆ ಕರೆದು, ಎದುರುಬದುರು ಕುಳಿತು, ರಾಜಿ ಮಾಡಿಕೊಂಡರು.

ಇದಾಗಿ ಎರಡು ವರ್ಷ ತುಂಬುವ ಮೊದಲೇ, 1973ರ ಆಗಸ್ಟ್ 11ರಂದು, ಸೆಜ್‌ವಿಕ್ ಅವೆನ್ಯೂವಿನ ವಸತಿ ಕಟ್ಟಡವೊಂದರಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಶಾಲೆಯ ಹೊಸ ಬಟ್ಟೆಗೆ ಹಣ ಕೂಡಿಸಲು ಪಾರ್ಟಿ ಏರ್ಪಡಿಸಿದಳು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಅಲ್ಲಿ ಹಾಡು ಹಾಕಿದವನು ಅವಳ ಅಣ್ಣ ಕೂಲ್ ಹರ್ಕ್. ಹಾಡಿನಲ್ಲಿ ಗಾಯಕರ ದನಿ ನಿಂತು ತಾಳವಾದ್ಯವಷ್ಟೇ ಉಳಿಯುವ ಕೆಲವು ಸೆಕೆಂಡುಗಳಿಗಾಗಿ, ಅಂದರೆ ‘ಬ್ರೇಕ್’ಗಾಗಿ, ಕುಣಿಯುವವರು ಕಾದಿರುತ್ತಾರೆ ಎಂಬುದನ್ನು ಗಮನಿಸಿದ್ದ ಹರ್ಕ್, ಒಂದೇ ಧ್ವನಿಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳಲ್ಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮತ್ತೆ ಹಾಕಿ, ಬೇಕಾದಷ್ಟು ಹೊತ್ತು ಎಳೆಯುವ ವಿಧಾನವನ್ನು ರೂಢಿಸಿದ. ಆ ಹೊತ್ತಿನಲ್ಲಿ ಕುಣಿದವರೇ ಬಿ-ಬಾಯ್, ಬಿ-ಗರ್ಲ್‌ಗಳು. ಎಂದರೆ, ಮೊದಲು ಮಾತುಕತೆಯಾಯಿತು, ಬೀದಿಗಳು ತೆರೆದುಕೊಂಡವು, ಒಂದೇ ಕೋಣೆಯಲ್ಲಿ ಸೇರಿ ಕುಣಿಯುವುದು ಆಮೇಲೆ ಸಾಧ್ಯವಾಯಿತು. ಕುಣಿತದ ಪೈಪೋಟಿ ಹೊಡೆದಾಟಕ್ಕೆ ತಿರುಗಿದ್ದೂ ಉಂಟು. ರಾಜಿಗೆ ಕುಳಿತವರ ಧೈರ್ಯವನ್ನು ಬಿಟ್ಟು ಕುಣಿತಕ್ಕೇ ಎಲ್ಲ ಹೆಗ್ಗಳಿಕೆಯನ್ನು ಕೊಡುವ ಕಥೆ ಆ ತರುಣರಿಗೆ ಅನ್ಯಾಯ ಮಾಡುತ್ತದೆ ಎಂದೇ ನಾನು ತಿಳಿಯುತ್ತೇನೆ.

ರಟ್ಟಿನ ಉತ್ತರ ಚಿಕ್ಕದು: ಕಾಂಕ್ರೀಟಿನ ಮೇಲೆ ಬೆನ್ನಿನಲ್ಲಿ ತಿರುಗಿದರೆ ಚರ್ಮ ಸುಲಿಯುತ್ತದೆ, ಬಿಚ್ಚಿ ಹಾಸಿದ ರಟ್ಟಿನ ಪೆಟ್ಟಿಗೆಯ ಮೇಲೆ ಮೈ ಸಲೀಸಾಗಿ ಜಾರುತ್ತದೆ, ಅದು ಪೆಟ್ಟನ್ನೂ ತುಸು ತಡೆಯುತ್ತದೆ. ಹಣ ಕೊಡದೆ ಸಿಗುತ್ತದೆ ಎಂಬುದೂ ಮುಖ್ಯ.

ಪ್ರಶ್ನೆ: ನಟರು ನಿಜವಾಗಿ ಕುಣಿಯುತ್ತಿದ್ದಾರೆಯೇ ಎಂದು ಹೇಗೆ ತಿಳಿಯುವುದು? ಕೊನೆಗೆ ನಾಯಕ ಸ್ಪರ್ಧೆ ಗೆದ್ದು ಬಡಾವಣೆ ಬಿಟ್ಟು ಹೋಗುವುದು ನಿಮಗೆ ಸರಿ ಕಾಣುತ್ತದೆಯೇ?

ಉತ್ತರ: ಚೌಕಟ್ಟಿನಲ್ಲಿ ಪಾದಗಳೂ ಮುಖವೂ ಒಟ್ಟಿಗೆ ಕಾಣುತ್ತಿವೆಯೇ ನೋಡಿ. ಮುಖಕ್ಕೊಂದು, ಕಾಲಿಗೊಂದು ತುಣುಕು ಜೋಡಿಸಿದ್ದರೆ ಕುಣಿದವರು ಬೇರೆಯವರಿರಬಹುದು. ಇನ್ನೂ ಒಳ್ಳೆಯ ಗುರುತು ‘ಫ್ರೀಝ್’, ಅಂದರೆ ತಾಳದ ಪೆಟ್ಟಿಗೆ ಸರಿಯಾಗಿ ಥಟ್ಟನೆ ನಿಲ್ಲುವುದು. ಮೊಣಕೈಯನ್ನು ಪಕ್ಕೆಗೆ ಒತ್ತಿ, ತಲೆಯನ್ನು ನೆಲಕ್ಕೂರಿ, ಎರಡು ಕಾಲುಗಳನ್ನೂ ಗಾಳಿಯಲ್ಲಿ ಹಿಡಿದಾಗ ಹೆಚ್ಚಿನ ಭಾರ ಅಂಗೈಗೆ ಇಳಿದು, ಬೆರಳುಗಳು ಅಗಲವಾಗಿ ಹರಡಿ ನೆಲವನ್ನು ಕಚ್ಚಿ ಹಿಡಿಯುತ್ತವೆ. ಆ ಬೆರಳುಗಳನ್ನು ತೋರಿಸುವ ನಿರ್ದೇಶಕರಿಗೆ ಕುಣಿತ ಗೊತ್ತಿದೆ.

ಸ್ಪರ್ಧೆಯನ್ನು ನಾನು ಆಕ್ಷೇಪಿಸುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೇ ಈ ಕುಣಿತ ಸ್ಪರ್ಧೆಯಾಗಿ ನಡೆಯಿತು. ಜಪಾನಿನ ಅಮಿ ಮತ್ತು ಕೆನಡಾದ ಫಿಲ್ ವಿಝಾರ್ಡ್ ಚಿನ್ನ ಗೆದ್ದರು. ಯಾವ ಹಾಡು ಬರುತ್ತದೆಂದು ಅಲ್ಲಿಯೂ ನರ್ತಕರಿಗೆ ಮೊದಲೇ ತಿಳಿದಿರುವುದಿಲ್ಲ, ಕೇಳಿದೊಡನೆ ಕುಣಿಯಬೇಕು. ಆದರೆ ಈ ಕಲೆ ಬೆಳೆದದ್ದು ‘ಸೈಫರ್’ನಲ್ಲಿ: ಸುತ್ತಲೂ ನಿಂತವರ ವೃತ್ತಕ್ಕೆ ಒಬ್ಬ ಇಳಿಯುತ್ತಾನೆ, ತನ್ನದನ್ನು ತೋರಿಸಿ ಹೊರಬರುತ್ತಾನೆ, ಇನ್ನೊಬ್ಬಳು ಅದಕ್ಕೆ ಮರುನುಡಿಯುವಂತೆ ಒಳಗಿಳಿಯುತ್ತಾಳೆ. ಅಲ್ಲಿ ಬಹುಮಾನವಿಲ್ಲ. ನಾಯಕನೊಬ್ಬನೇ ಗೆದ್ದು ಬಸ್ಸು ಹತ್ತುವಲ್ಲಿಗೆ ಕಥೆ ಮುಗಿದರೆ, ಅವನ ಹೆಜ್ಜೆಗಳನ್ನು ನೋಡಿ, ತಿದ್ದಿ, ಕೂಗಿ ಹುರಿದುಂಬಿಸಿದ ಆ ವೃತ್ತದವರು ಏನಾದರು ಎಂದು ನನಗೆ ಕೇಳಬೇಕೆನಿಸುತ್ತದೆ. ನಿಮ್ಮ ಧಾರಾವಾಹಿಯ ಉಳಿದ ಕಂತುಗಳಲ್ಲಿ ಅವರಿಗೆ ಹೆಸರುಗಳಿವೆಯೇ, ಮನೆಗಳಿವೆಯೇ ಎಂಬುದನ್ನು ಗಮನಿಸಿ ಬರೆಯಿರಿ.