ಹಳೆಯ ಪ್ಲೇಯರ್, ಹೊಸ ಸ್ಟೀರಿಯೊ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಳೆಯ ಟರ್ನ್‌ಟೇಬಲನ್ನು ಹೊಸ ಸ್ಟೀರಿಯೊದ ಆಕ್ಸ್ ಸಾಕೆಟ್‌ಗೆ ಸಿಕ್ಕಿಸಿದ್ದೇನೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಹಾಡು ಪಕ್ಕದ ಕೋಣೆಯಿಂದ ಬಂದಂತಿದೆ, ಬೇಸ್ ಇಲ್ಲವೇ ಇಲ್ಲ. ಪ್ಲೇಯರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನಡುವೆ ಇರಬೇಕಾದ ಫೋನೊ ಪ್ರಿಆಂಪ್, ಅಂದರೆ ಪ್ಲೇಯರಿನ ಕ್ಷೀಣ ಸಂಕೇತವನ್ನು ಹಿಗ್ಗಿಸಿ ತಿದ್ದುವ ಸರ್ಕ್ಯೂಟ್, ಇಲ್ಲ, ಅಷ್ಟೆ. ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಭಾಗಕ್ಕೆ ಕಾರ್ಟ್ರಿಜ್ ಎನ್ನುತ್ತಾರೆ. ಮೂವಿಂಗ್ ಮ್ಯಾಗ್ನೆಟ್ ಮಾದರಿಯ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ಆಕ್ಸ್‌ಗೆ ಅದರ ಸುಮಾರು ನೂರು ಪಟ್ಟು ಬೇಕು. ಸದ್ದು ಕಡಿಮೆ ಎನ್ನುವುದೊಂದೇ ತೊಂದರೆಯಲ್ಲ. ರೆಕಾರ್ಡ್ ಕೊರೆಯುವಾಗ ಬೇಸನ್ನು ತಗ್ಗಿಸಿ ಟ್ರೆಬಲನ್ನು ಏರಿಸಿರುತ್ತಾರೆ. ಬೇಸನ್ನು ಹಾಗೇ ಬಿಟ್ಟರೆ ಗೀರು ಅಗಲಕ್ಕೆ ಓಲಾಡಿ ತಟ್ಟೆಯ ಜಾಗವನ್ನೆಲ್ಲ ತಿನ್ನುತ್ತದೆ. ಟ್ರೆಬಲ್ ಏರಿಸದಿದ್ದರೆ ಅದು ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗುತ್ತದೆ. ಕೇಳುವಾಗ ಇದನ್ನು ಉಲ್ಟಾ ಮಾಡಬೇಕು. 1954ರಲ್ಲಿ ಬಂದ ಆರ್‌ಐಎಎ (ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ) ಮಾನಕದ ಪ್ರಕಾರ 20 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬಲ್ ಏರಿಕೆ, 20,000 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬಲ್ ಇಳಿಕೆ. ಸ್ಟೀರಿಯೊದ ಬೇಸ್ ಗುಂಡಿ ತಿರುಗಿಸಿ ಇದನ್ನು ಸರಿದೂಗಿಸಲು ಆಗುವುದಿಲ್ಲ.

ಮೊದಲು ಆಂಪ್ಲಿಫೈಯರ್ ಹಿಂಬದಿಯಲ್ಲಿ 'ಫೋನೊ' ಎಂದು ಬರೆದ ಸಾಕೆಟ್ ಇದೆಯೇ ನೋಡಿ. ಇದ್ದರೆ ಏನೂ ಕೊಳ್ಳಬೇಡಿ. ಇಲ್ಲದಿದ್ದರೆ ಸುಮಾರು 40 ಡೆಸಿಬಲ್ ವರ್ಧನೆ, 47 ಕಿಲೋಓಮ್ ಇನ್‌ಪುಟ್ ರೋಧ ಇರುವ ಪ್ರಿಆಂಪ್ ತನ್ನಿ. ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಆಗಿದ್ದರೆ ಅದು ಅರ್ಧ ಮಿಲಿವೋಲ್ಟನ್ನೂ ಮುಟ್ಟದಿರಬಹುದು. ಅದಕ್ಕೆ 60 ಡೆಸಿಬಲ್ ಬೇಕು. ಕೆಲವು ಟರ್ನ್‌ಟೇಬಲ್‌ಗಳ ಒಳಗೇ ಪ್ರಿಆಂಪ್ ಇರುತ್ತದೆ, ಹಿಂಬದಿಯಲ್ಲಿ ಫೋನೊ/ಲೈನ್ ಸ್ವಿಚ್ ಕಾಣುತ್ತದೆ. ಲೈನ್‌ನಲ್ಲಿಟ್ಟು ಆಂಪ್ಲಿಫೈಯರಿನ ಫೋನೊ ಸಾಕೆಟ್‌ಗೆ ಸಿಕ್ಕಿಸಿದಿರೋ, ಎರಡೆರಡು ಪ್ರಿಆಂಪ್ ಸೇರಿ ಸದ್ದು ಒಡೆದು ಬರುತ್ತದೆ.

ಪ್ರಶ್ನೆ: ಪೆಟ್ಟಿಗೆ ಮಾದರಿಯ ಹಳೆಯ ಪ್ಲೇಯರಿಗೆ ಫೋನೊ ಪ್ರಿಆಂಪ್ ಹಾಕಿದೆ. ಸದ್ದು ಗೊರಗೊರ ಎನ್ನುತ್ತದೆ. ಪ್ರಿಆಂಪ್ ತೆಗೆದು ನೇರವಾಗಿ ಆಕ್ಸ್‌ಗೆ ಕೊಟ್ಟರೆ ಜೋರಾಗಿ ಕೇಳುತ್ತದೆ, ಆದರೆ ಬಹಳ ತೆಳು.

ಉತ್ತರ: ನಿಮ್ಮದು ಸೆರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಜ್. ಮುಳ್ಳಿನ ಪಕ್ಕ ಎಲ್‌ಪಿ/78 ಎಂದು ತಿರುಗಿಸುವ ಪುಟ್ಟ ಕಡ್ಡಿ ಇದ್ದರೆ ಬಹುಮಟ್ಟಿಗೆ ಖಚಿತ. ಇದು ನೂರಾರು ಮಿಲಿವೋಲ್ಟ್ ಕೊಡುವುದರಿಂದ ಫೋನೊ ಪ್ರಿಆಂಪ್ ತಡೆದುಕೊಳ್ಳುವುದಿಲ್ಲ. ಆರ್‌ಐಎಎ ತಿದ್ದುಪಡಿಯೂ ಇದಕ್ಕೆ ಬೇಡ, ಕಾರ್ಟ್ರಿಜ್‌ನ ಗುಣವೇ ಆ ಕೆಲಸವನ್ನು ಹೆಚ್ಚುಕಡಿಮೆ ಮಾಡಿಬಿಡುತ್ತದೆ.

ಇನ್ನು ತೆಳುವಾಗುವ ವಿಷಯ. ಈ ಕಾರ್ಟ್ರಿಜ್ ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಚಿಕ್ಕ ಕೆಪಾಸಿಟರ್. ಅದು 800 ಪಿಕೊಫ್ಯಾರಡ್ ಎಂದಿಟ್ಟುಕೊಳ್ಳಿ. 47 ಕಿಲೋಓಮ್‌ನ ಆಕ್ಸ್‌ಗೆ ಕೊಟ್ಟರೆ ಸುಮಾರು 4,200 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೋರತೊಡಗುತ್ತದೆ. ಹಾಡುವವರ ದನಿಯೇ ಬಹುಪಾಲು ಆ ಗೆರೆಯ ಕೆಳಗಿದೆ. ಇನ್‌ಪುಟ್ ರೋಧ 1 ಮೆಗಾಓಮ್ ಕೊಟ್ಟರೆ ಗೆರೆ 200 ಹರ್ಟ್ಸ್‌ಗೆ, 2.2 ಮೆಗಾಓಮ್ ಕೊಟ್ಟರೆ 90ಕ್ಕೆ ಇಳಿಯುತ್ತದೆ. ಸರಣಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಹಾಕಿದರೆ ಸಾಕು ಎನ್ನುವವರಿದ್ದಾರೆ. ಬೇಸ್ ಬರುವುದು ನಿಜ, ಆದರೆ 47 ಕಿಲೋಓಮ್ ಇನ್‌ಪುಟ್‌ಗೆ ತಲುಪುವುದು ಇಪ್ಪತ್ತೆರಡರಲ್ಲಿ ಒಂದು ಪಾಲು ಮಾತ್ರ. ನಾವು ಅದನ್ನು ಒಪ್ಪುವುದಿಲ್ಲ.

ಬೆಸುಗೆ ಹಾಕಲು ಬರುವವರು ಟಿಎಲ್072 ಐಸಿಯಿಂದ ಎರಡು ಚಾನೆಲ್‌ನ ಬಫರ್ (ಸದ್ದನ್ನು ಹಿಗ್ಗಿಸದೆ, ಕಾರ್ಟ್ರಿಜ್‌ಗೆ ಹೊರೆಯಾಗದಂತೆ ಮುಂದಕ್ಕೆ ದಾಟಿಸುವ ಸರ್ಕ್ಯೂಟ್) ಮಾಡಿಕೊಳ್ಳಬಹುದು: ವರ್ಧನೆ ಒಂದು, ಪ್ರತಿ ಇನ್‌ಪುಟ್‌ನಿಂದ ಗ್ರೌಂಡ್‌ಗೆ 2.2 ಮೆಗಾಓಮ್. ಬರದವರಿಗೆ ಗಿಟಾರ್‌ಗೆಂದೇ 1 ಮೆಗಾಓಮ್ ಇನ್‌ಪುಟ್ ಇರುವ ಮಿಕ್ಸರ್ ಆದೀತು. ಎರಡು ಚಾನೆಲ್‌ಗೆ ಅಂಥ ಎರಡು ಇನ್‌ಪುಟ್ ಬೇಕು. ಬಫರ್ ಪ್ಲೇಯರಿನ ಒಳಗೇ ಇರಲಿ, ಉದ್ದ ಕೇಬಲ್ ಸದ್ದನ್ನು ತಗ್ಗಿಸುತ್ತದೆ. ಹಳೆಯ ಕ್ರಿಸ್ಟಲ್‌ಗಳು ತೇವ ತಿಂದು ಸತ್ತಿರುವುದೂ ಉಂಟು. ಅದಕ್ಕೆ ಯಾವ ಬಫರೂ ಮದ್ದಲ್ಲ, ಕಾರ್ಟ್ರಿಜ್ಜನ್ನೇ ಬದಲಿಸಬೇಕು.

ಪ್ರಶ್ನೆ: ಸ್ಪೂಲ್ ಟೇಪ್ ರೆಕಾರ್ಡರಿನಲ್ಲಿ ಐದು ತೂತಿನ ದುಂಡನೆಯ ಸಾಕೆಟ್ ಇದೆ. ಆರ್‌ಸಿಎ (ಸ್ಟೀರಿಯೊಗಳಲ್ಲಿರುವ ಕೆಂಪು-ಬಿಳಿ ದುಂಡು ಪ್ಲಗ್) ಕಡೆಗೆ ಹೋಗುವ ಕೇಬಲ್ ತಂದೆ. ಸದ್ದೇ ಇಲ್ಲ.

ಉತ್ತರ: ಅದು ಡಿನ್ ಸಾಕೆಟ್. ತೂತುಗಳ ಸಂಖ್ಯೆ ಕಮಾನಿನುದ್ದಕ್ಕೆ 1, 4, 2, 5, 3 ಎಂದು ಸಾಗುತ್ತದೆ, ಒಂದರ ಪಕ್ಕ ಎರಡು ಬರುವುದಿಲ್ಲ. ಬಹಳ ಜನ ತಪ್ಪುವುದೇ ಇಲ್ಲಿ. ನಡುವಿನ 2 ಗ್ರೌಂಡ್. ಟೇಪ್ ರೆಕಾರ್ಡರಿನಲ್ಲಿ 3 ಎಡ ಚಾನೆಲ್, 5 ಬಲ ಚಾನೆಲ್. ಇವು ಹೊರಗೆ ಬರುವ ಸದ್ದು. 1 ಮತ್ತು 4 ಒಳಗೆ ಹೋಗುವ, ಅಂದರೆ ರೆಕಾರ್ಡಿಂಗ್‌ನ ದಾರಿ. ಎರಡೇ ಆರ್‌ಸಿಎ ತುದಿ ಇರುವ ಕೇಬಲ್ ಈ ಒಳದಾರಿಗೆ ಜೋಡಿಸಿದ್ದಾಗಿರಬಹುದು. ನಾಲ್ಕು ತುದಿಯದಾದರೆ ಇನ್ನೊಂದು ಜೋಡಿಯನ್ನು ಹಾಕಿ ನೋಡಿ. ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಯಾವ ಪಿನ್ ಯಾವ ತುದಿಗೆ ಹೋಗಿದೆ ಎಂದು ಐದು ನಿಮಿಷದಲ್ಲಿ ಪತ್ತೆ ಮಾಡಬಹುದು. ಕೀಬೋರ್ಡ್ ವಾದ್ಯಗಳ ಮಿಡಿ ಕೇಬಲ್ ನೋಡಲು ಹೀಗೆಯೇ ಇದ್ದರೂ ಅದರಲ್ಲಿ ಸಾಮಾನ್ಯವಾಗಿ 2, 4, 5 ಮಾತ್ರ ಜೋಡಿಸಿರುತ್ತಾರೆ.

ಒಂದು ಚಪ್ಪಟೆ, ಒಂದು ದುಂಡು ತೂತಿನ ಸಾಕೆಟ್ ಕಂಡರೆ ಅದು ಸ್ಪೀಕರಿನದು. ಅದನ್ನು ಆಕ್ಸ್‌ಗೆ ಕೊಡಬೇಡಿ.

ಪ್ರಶ್ನೆ: ಎಲ್ಲ ಸರಿಯಿದೆ, ಆದರೆ ಹಿಂದೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು.

ಉತ್ತರ: ಟರ್ನ್‌ಟೇಬಲಿನಿಂದ ಬರುವ ತೆಳು ಗ್ರೌಂಡ್ ತಂತಿಯನ್ನು ಪ್ರಿಆಂಪಿನ ಸ್ಕ್ರೂಗೆ ಬಿಗಿದಿದ್ದೀರಾ? ಇಲ್ಲವಾದರೆ ಬಿಗಿಯಿರಿ. ಬಿಗಿದೂ ಹೋಗದಿದ್ದರೆ ಪ್ರಿಆಂಪನ್ನು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನಿಂದ ಒಂದೆರಡು ಅಡಿ ದೂರ ಸರಿಸಿ, ಎರಡರ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ಹಾಕಿ. ಒಂದೇ ಕಡೆಯಿಂದ ಗುಂಯ್ ಎಂದರೆ ಕಾರ್ಟ್ರಿಜ್ ಹಿಂದಿನ ನಾಲ್ಕು ತಂತಿ ನೋಡಿ: ಬಿಳಿ, ನೀಲಿ ಎಡಕ್ಕೆ, ಕೆಂಪು, ಹಸಿರು ಬಲಕ್ಕೆ. ಯಾವುದೋ ಒಂದು ಸಡಿಲವಾಗಿರುತ್ತದೆ. ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ಉಪಾಯ ಮಾತ್ರ ಬೇಡವೇ ಬೇಡ.

ಪ್ರಶ್ನೆ: ಸೌಂಡ್‌ಬಾರ್‌ನಲ್ಲಿ ಆಪ್ಟಿಕಲ್ ಮಾತ್ರ ಇದೆ. ಕ್ಯಾಸೆಟ್ ಡೆಕ್ ಸೇರಿಸಬಹುದೇ?

ಉತ್ತರ: ಸೇರಿಸಬಹುದು. ಆರ್‌ಸಿಎ ಒಳಗೆ, ಆಪ್ಟಿಕಲ್ ಹೊರಗೆ ಇರುವ ಎಡಿಸಿ (ಅನಲಾಗ್ ಸಂಕೇತವನ್ನು ಡಿಜಿಟಲ್ ಮಾಡುವ) ಡಬ್ಬಿ ಬೇಕು. ಡಿಎಸಿ ಎಂಬುದು ಇದರ ತಿರುಗುಮುರುಗು. ಎರಡೂ ನೋಡಲು ಒಂದೇ ಥರ ಇರುತ್ತವೆ, ಕೊಳ್ಳುವ ಮೊದಲು ಸಾಕೆಟ್ ಪಕ್ಕದ 'ಇನ್', 'ಔಟ್' ಓದಿ. ಡೆಕ್ಕಿಗೆ ಪ್ರಿಆಂಪ್ ಬೇಕಿಲ್ಲ.

ಪ್ರಶ್ನೆ: ವಾಲ್ವ್ ರೇಡಿಯೊಗ್ರಾಮ್‌ನಿಂದಲೂ (ರೇಡಿಯೊ, ರೆಕಾರ್ಡ್ ಪ್ಲೇಯರ್ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್) ಹೀಗೆ ತಂತಿ ಎಳೆಯಬಹುದೇ?

ಉತ್ತರ: ಮೊದಲು ಪರೀಕ್ಷೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಹಳೆಯ ಸೆಟ್‌ಗಳಲ್ಲಿ ಒಳಗಿನ ಲೋಹದ ಚಾಸಿ ನೇರವಾಗಿ ಕರೆಂಟಿನ ಒಂದು ತಂತಿಗೆ ಸೇರಿರುತ್ತದೆ. ಅಲ್ಲಿಂದ ಆರ್‌ಸಿಎ ಎಳೆದರೆ ನಿಮ್ಮ ಸ್ಟೀರಿಯೊದ ಮೈಗೂ ಕರೆಂಟ್ ಬಂದೀತು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಸೆಟ್‌ನ ಸ್ವಿಚ್ ಆನ್ ಮಾಡಿ, ಚಾಸಿ ಮತ್ತು ಕರೆಂಟಿನ ಎರಡೂ ಪಿನ್‌ಗಳ ನಡುವೆ ಒಂದೊಂದಾಗಿ ಓಮ್ ಅಳೆಯಿರಿ. ಒಂದರಲ್ಲಾದರೂ ಸೊನ್ನೆಯ ಹತ್ತಿರ ತೋರಿಸಿದರೆ ಜೋಡಿಸಬೇಡಿ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕುವ ಕೆಲಸ ವಾಲ್ವ್ ಸೆಟ್ ಬಲ್ಲ ಮೆಕ್ಯಾನಿಕ್‌ನದು. ಮೀಟರ್ ಏನೂ ತೋರಿಸದಿದ್ದರೂ ಅವರಿಗೊಮ್ಮೆ ತೋರಿಸಿಯೇ ಮುಂದುವರಿಯಿರಿ, ಏಕೆಂದರೆ ಕೆಲವು ಸೆಟ್‌ಗಳಲ್ಲಿ ಚಾಸಿಯನ್ನು ಕೆಪಾಸಿಟರ್ ಮೂಲಕ ಸೇರಿಸಿರುತ್ತಾರೆ, ಅದು ಓಮ್ ಅಳತೆಗೆ ಸಿಗುವುದಿಲ್ಲ.