ದಂಡ ಕಟ್ಟಿ ವರ್ಷಗಳಾದ ಮೇಲೆ ಲೈಸೆನ್ಸ್ ಅಮಾನತಿನ ನೋಟಿಸ್ ಬಂದರೆ

ತಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 2021ರಲ್ಲಿ ಕುಡಿದು ಬೈಕ್ ಓಡಿಸುವಾಗ ಉಡುಪಿಯಲ್ಲಿ ಸಿಕ್ಕಿಬಿದ್ದು, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು 10,000 ರೂಪಾಯಿ ದಂಡ ಕಟ್ಟಿದ್ದೀರಿ. ಇಷ್ಟು ವರ್ಷಗಳಾದ ಮೇಲೆ, ನಿಮ್ಮ ಚಾಲನಾ ಪರವಾನಗಿಯನ್ನು ಏಕೆ ಅಮಾನತುಗೊಳಿಸಬಾರದು ಎಂದು ಸಾರಿಗೆ ಕಚೇರಿಯಿಂದ ನೋಟಿಸ್ ಬಂದಿದೆ. ರಿಕ್ಷಾ ಓಡಿಸಿ ಮನೆ ನಡೆಸುವ ತಾವು, ಮುಗಿದುಹೋದ ವಿಷಯಕ್ಕೆ ಮತ್ತೆ ಶಿಕ್ಷೆ ಕೊಡಲು ಬರುತ್ತದೆಯೇ ಎಂದು ಕೇಳಿದ್ದೀರಿ. ನಾನು ವಕೀಲನಲ್ಲ, ಇದೇ ಕಷ್ಟವನ್ನು ಅನುಭವಿಸಿದವನು. ಆದ್ದರಿಂದ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ನಾನು ಮಂಗಳೂರಿನವನು, ಔಷಧ ಮಾರಾಟ ಪ್ರತಿನಿಧಿ. 2020ರ ಫೆಬ್ರುವರಿಯಲ್ಲಿ ಗೆಳೆಯನ ಮನೆಯ ಮೆಹೆಂದಿ ಮುಗಿಸಿ ರಾತ್ರಿ ಸ್ಕೂಟರಿನಲ್ಲಿ ಬರುತ್ತಿದ್ದಾಗ ಕೊಟ್ಟಾರ ಚೌಕಿಯ ಹತ್ತಿರ ಪೊಲೀಸರು ತಡೆದರು. ಯಂತ್ರದಲ್ಲಿ ಊದಿಸಿದಾಗ ಬಂದ ಅಂಕಿ 64. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಅಂದರೆ ಮಿತಿಯ ಎರಡು ಪಟ್ಟಿಗಿಂತಲೂ ಹೆಚ್ಚು, ಅದರಲ್ಲಿ ವಾದಿಸಲು ಏನೂ ಇರಲಿಲ್ಲ. ಲಾಕ್‌ಡೌನ್‌ನಿಂದಾಗಿ ಪ್ರಕರಣ ಮುಂದೆ ಹೋಗಿ, ನವೆಂಬರ್‌ನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ, ರಸೀದಿಯನ್ನು ಫೈಲಿಗೆ ಹಾಕಿ, ಎಲ್ಲ ಮುಗಿಯಿತೆಂದು ಮನೆಗೆ ಬಂದೆ. ಆದೇಶದ ಪ್ರತಿಯನ್ನು ಕೇಳಿ ಪಡೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. 2004ರಲ್ಲಿ ಪಡೆದ ಲೈಸೆನ್ಸಿನ ಇಪ್ಪತ್ತು ವರ್ಷಗಳ ಅವಧಿ 2024ರಲ್ಲಿ ಮುಗಿದಾಗ ನವೀಕರಣಕ್ಕೆಂದು ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಅರ್ಜಿ ಮುಂದಕ್ಕೆ ಹೋಗಲಿಲ್ಲ. ವಿಚಾರಿಸಲು ಹೋದ ಕಚೇರಿಯ ಗುಮಾಸ್ತರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು. ಕೋರ್ಟಿನ ಆದೇಶದಲ್ಲಿ ದಂಡದ ಕೆಳಗೆ ಇನ್ನೊಂದು ಸಾಲಿತ್ತು: ಆರು ತಿಂಗಳ ಕಾಲ ಚಾಲನಾ ಪರವಾನಗಿ ಹೊಂದಲು ಅನರ್ಹ. ಅದು ದಾಖಲೆಗೆ ಸೇರಿದ್ದು ಮಾತ್ರ ವರ್ಷಗಳ ನಂತರ. ಆ ಆರು ತಿಂಗಳೂ ನಾನು ಮಂಗಳೂರಿನಿಂದ ಬೈಂದೂರಿನವರೆಗೆ ದಿನವೂ ಸ್ಕೂಟರ್ ಓಡಿಸಿದ್ದೆ, ಮಗಳನ್ನು ಹಿಂದೆ ಕೂರಿಸಿಕೊಂಡು ಶಾಲೆಗೂ ಬಿಟ್ಟಿದ್ದೆ. ಅದನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ.

ನಮ್ಮಲ್ಲಿ ಬಹಳ ಜನ ತಪ್ಪು ತಿಳಿಯುವುದು ಇಲ್ಲಿಯೇ. ದಂಡ ಒಂದು ದಾರಿ, ಲೈಸೆನ್ಸ್ ಇನ್ನೊಂದು ದಾರಿ. 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಪ್ರಕಾರ ಮೊದಲ ಸಲದ ತಪ್ಪಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಇವೆ. 2019ರ ಸೆಪ್ಟೆಂಬರ್‌ಗಿಂತ ಮೊದಲು ಈ ದಂಡ 2,000 ರೂಪಾಯಿಯವರೆಗೆ ಮಾತ್ರ ಇತ್ತು. ಇದರ ಜೊತೆಗೆ, 185ರ ಅಡಿ ಅಪರಾಧಿ ಎಂದು ತೀರ್ಮಾನವಾದವರನ್ನು ಕನಿಷ್ಠ ಆರು ತಿಂಗಳು ಅನರ್ಹಗೊಳಿಸಬೇಕೆಂದು 20ನೇ ಕಲಂ ನ್ಯಾಯಾಲಯಕ್ಕೇ ಹೇಳುತ್ತದೆ. ಇದಲ್ಲದೆ 19ನೇ ಕಲಮಿನ ಅಡಿ ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಆರ್‌ಟಿಒಗೆ, ಸ್ವತಂತ್ರ ಅಧಿಕಾರವಿದೆ. ಪೊಲೀಸರು ಸ್ಥಳದಲ್ಲೇ ಲೈಸೆನ್ಸ್ ವಶಪಡಿಸಿಕೊಂಡು 206ನೇ ಕಲಮಿನಂತೆ ಆರ್‌ಟಿಒಗೆ ಕಳುಹಿಸಿದ್ದರೆ, ಮೊದಲ ತಪ್ಪಿಗೆ ಮೂರು ತಿಂಗಳ ಅನರ್ಹತೆ, ಎರಡನೆಯದಕ್ಕೆ ಲೈಸೆನ್ಸೇ ರದ್ದು ಎಂದು 2019ರ ತಿದ್ದುಪಡಿ ಹೇಳುತ್ತದೆ. ಇಂತಿಷ್ಟು ದಿನದೊಳಗೆ ನೋಟಿಸ್ ಕೊಡಬೇಕೆಂಬ ಗಡುವು ಆ ಕಲಮಿನಲ್ಲಿ ಇಲ್ಲ. ಹಾಗಾಗಿ ತಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ತಡವಾಗಿಯೂ ನೋಟಿಸ್ ಬರಬಹುದು, ಮತ್ತು "ದಂಡ ಕಟ್ಟಿಯಾಗಿದೆ" ಎಂಬ ಒಂದೇ ಮಾತಿನಿಂದ ಅದು ಬಿದ್ದುಹೋಗುವುದಿಲ್ಲ. ಒಂದೇ ತಪ್ಪಿಗೆ ಎರಡು ಶಿಕ್ಷೆ ಎಂಬ ವಾದವನ್ನು ಮುಂದಿಡಲು ನಾನೂ ಹೊರಟಿದ್ದೆ. ಅದರ ಮೇಲೆ ಭರವಸೆ ಇಡಬೇಡಿ ಎಂದು ನನ್ನ ವಕೀಲರು ತಡೆದರು.

ಹಾಗೆಂದು ತಮ್ಮ ಕೈಯಲ್ಲಿ ಏನೂ ಇಲ್ಲವೆಂದಲ್ಲ. 19ನೇ ಕಲಮಿನ ಅಡಿ ಆದೇಶ ಹೊರಡಿಸುವ ಮೊದಲು ತಮ್ಮ ಮಾತನ್ನು ಕೇಳಲೇಬೇಕು, ಆದೇಶಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಕೊಡಲೇಬೇಕು. ಆದ್ದರಿಂದ ನೋಟಿಸಿನಲ್ಲಿ ಯಾವ ಉಪಕಲಂ ನಮೂದಾಗಿದೆ ಎಂಬುದನ್ನು ಮೊದಲು ನೋಡಿ. "ರೂಢಿಗತ ಕುಡುಕ" ಎಂಬ ಅರ್ಥದ ಉಪಕಲಂ ಇದ್ದರೆ, ಒಂದೇ ಒಂದು ಹಳೆಯ ಪ್ರಕರಣದಿಂದ ಹಾಗೆ ಕರೆಯಲು ಬರುವುದಿಲ್ಲ ಎಂದು ಗಟ್ಟಿಯಾಗಿ ಬರೆಯಬಹುದು. ಅದರ ಬದಲು ಸಾರ್ವಜನಿಕರಿಗೆ ಅಪಾಯ ತರುವ ಕೃತ್ಯ ಎಂದಿದ್ದರೆ ವಿಷಯ ಬೇರೆ, ಏಕೆಂದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮದ ಪಟ್ಟಿಯಲ್ಲಿ ಕುಡಿದು ವಾಹನ ಓಡಿಸುವುದೂ ಸೇರಿದೆ. ಅಲ್ಲಿ ತಪ್ಪನ್ನು ಅಲ್ಲಗಳೆಯದೆ, ಅವಧಿಯ ಬಗ್ಗೆ ಮಾತ್ರ ಮಾತನಾಡುವುದು ಒಳ್ಳೆಯದು.

ಅದಕ್ಕಿಂತಲೂ ಮುಖ್ಯವಾದ ಕೆಲಸವೆಂದರೆ, ತಮಗೆ ಶಿಕ್ಷೆಯಾದ ಕೋರ್ಟಿನಲ್ಲಿ ಪ್ರಕರಣದ ಸಂಖ್ಯೆ ಕೊಟ್ಟು ಆದೇಶದ ದೃಢೀಕೃತ ನಕಲು ಪಡೆಯುವುದು. ಅನರ್ಹತೆಯ ಸಾಲು ಅದರಲ್ಲಿ ಇದೆಯೋ ಇಲ್ಲವೋ, ಇದ್ದರೆ ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ಕಣ್ಣಾರೆ ನೋಡಿ. ಕೋರ್ಟ್ ವಿಧಿಸಿದ ಆರು ತಿಂಗಳು ಎಂದೋ ಮುಗಿದಿದ್ದು, ಕಚೇರಿಯ ದಾಖಲೆ ಮಾತ್ರ ಇನ್ನೂ ಅಮಾನತು ಎಂದು ತೋರಿಸುತ್ತಿರಬಹುದು. ನನ್ನ ವಿಷಯದಲ್ಲಿ ಹಾಗೆಯೇ ಆಗಿತ್ತು. ನಕಲನ್ನು ಲಗತ್ತಿಸಿ ಲಿಖಿತ ಉತ್ತರ ಕೊಟ್ಟೆ, ವಿಚಾರಣೆಗೆ ಖುದ್ದಾಗಿ ಹೋದೆ, ಆ ರಾತ್ರಿಯ ನಂತರ ಇನ್ನೊಂದು ಪ್ರಕರಣ ನನ್ನ ಮೇಲಿಲ್ಲ ಎಂದು ತಿಳಿಸಿದೆ. ಅಧಿಕಾರಿ ಪೂರ್ತಿ ಕೈಬಿಡಲಿಲ್ಲ. ಮೂರು ತಿಂಗಳು ವಿಧಿಸಿದರು. ಅದನ್ನು ನಾನು ಒಪ್ಪಿಕೊಂಡೆ. ಒಪ್ಪದಿದ್ದರೆ ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು, ಆದರೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ಅನರ್ಹತೆ ನಿಲ್ಲುವುದಿಲ್ಲ. ತಡೆ ಸಿಕ್ಕರೆ ಮಾತ್ರ ನಿಲ್ಲುತ್ತದೆ.

ಅಮಾನತಿನ ಆದೇಶ ಬಂದರೆ, ದಯವಿಟ್ಟು ಆ ಅವಧಿಯಲ್ಲಿ ಒಂದು ಬಾಡಿಗೆಗೂ ರಿಕ್ಷಾ ಹೊರತೆಗೆಯಬೇಡಿ. ಅನರ್ಹರಾಗಿದ್ದಾಗ ಓಡಿಸಿದರೆ 182ನೇ ಕಲಮಿನಂತೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಅದಕ್ಕಿಂತ ಭಯಪಡಬೇಕಾದದ್ದು ಅಪಘಾತಕ್ಕೆ. ಓಡಿಸಿದವನು ಅನರ್ಹನಾಗಿದ್ದ ಎಂಬುದು ವಿಮಾ ಕಂಪನಿಗೆ ಕಾನೂನೇ ಒಪ್ಪಿರುವ ಪ್ರತಿವಾದ. ಪೆಟ್ಟಾದವರಿಗೆ ಕಂಪನಿ ಹಣ ಕೊಟ್ಟರೂ ಅದನ್ನು ತಮ್ಮಿಂದ ವಸೂಲು ಮಾಡಲು ಬರಬಹುದು, ಆಗ ಮನೆ, ಜಾಗ ಎಲ್ಲವೂ ಮಾತಿಗೆ ಬರುತ್ತವೆ. ರಿಕ್ಷಾ ತಮ್ಮದೇ ಆಗಿದ್ದರೆ, ಲೈಸೆನ್ಸೂ ಬ್ಯಾಡ್ಜೂ ಇರುವ ನಂಬಿಕಸ್ಥರೊಬ್ಬರಿಗೆ ಆ ತಿಂಗಳುಗಳ ಮಟ್ಟಿಗೆ ದಿನದ ಬಾಡಿಗೆಗೆ ಕೊಡಬಹುದು. ನಾನು ಆ ಮೂರು ತಿಂಗಳು ಬೆಳಿಗ್ಗೆ ಆರೂವರೆಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ ಹಿಡಿದು, ಸ್ಯಾಂಪಲ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ದಿನಕ್ಕೆ ಎರಡು ಮೂರು ವೈದ್ಯರ ಭೇಟಿ ತಪ್ಪುತ್ತಿತ್ತು, ಸಂಬಳದ ಮೇಲಿನ ಪ್ರೋತ್ಸಾಹಧನ ಹೋಯಿತು. ಹೇಗೋ ನಡೆಯಿತು.

ಆದೇಶ ತಡವಾಗಿ ದಾಖಲೆಗೆ ಬರುವುದರಿಂದ ಆಗುವ ಅನ್ಯಾಯವನ್ನೂ ಹೇಳಲೇಬೇಕು. ಆ ಆರು ತಿಂಗಳನ್ನು 2020ರಲ್ಲೇ ನನಗೆ ತಿಳಿಸಿದ್ದರೆ ಆಗಲೇ ಸ್ಕೂಟರ್ ಬಿಟ್ಟಿರುತ್ತಿದ್ದೆ, ರಸ್ತೆಯಲ್ಲಿದ್ದವರಿಗೂ ಅದರ ಪ್ರಯೋಜನವಾಗುತ್ತಿತ್ತು. ತಮ್ಮ ಉತ್ತರದಲ್ಲಿ ಈ ವಿಳಂಬವನ್ನೂ, ಅಷ್ಟು ವರ್ಷ ತಪ್ಪಿಲ್ಲದೆ ರಿಕ್ಷಾ ಓಡಿಸಿದ್ದನ್ನೂ, ಮನೆಯ ಆದಾಯ ಅದೊಂದೇ ಎಂಬುದನ್ನೂ ಮರೆಯದೆ ಬರೆಯಿರಿ, ಸ್ವೀಕೃತಿಯ ಮೊಹರು ಹಾಕಿಸಿದ ಒಂದು ಪ್ರತಿಯನ್ನು ಇಟ್ಟುಕೊಳ್ಳಿ.

ಇನ್ನೆರಡು ಸಣ್ಣ ವಿಷಯಗಳು. ಲೈಸೆನ್ಸಿನ ಅವಧಿಯೂ ಈ ನಡುವೆ ಮುಗಿಯುವಂತಿದ್ದರೆ ದಿನಾಂಕದ ಮೇಲೆ ಕಣ್ಣಿಡಿ, ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಾಗುತ್ತದೆ. ಲೈಸೆನ್ಸಿನ ಮೇಲೆ ಬರೆದ ಶಿಕ್ಷೆಯ ಹಿಂಬರಹವೂ ಶಾಶ್ವತವಲ್ಲ. ಅನರ್ಹತೆಯ ಅವಧಿಯನ್ನು ಬಿಟ್ಟು ಮೂರು ವರ್ಷ ಹೊಸ ಹಿಂಬರಹ ಬೀಳದಿದ್ದರೆ, ಅದಿಲ್ಲದ ಲೈಸೆನ್ಸ್ ಕೇಳುವ ಹಕ್ಕನ್ನು 25ನೇ ಕಲಂ ಕೊಡುತ್ತದೆ. ಅನರ್ಹತೆಯ ಕೊನೆಯ ದಿನ ಕಳೆದ ಮೇಲೆ ಸಾರಥಿಯಲ್ಲಿ ತಮ್ಮ ಲೈಸೆನ್ಸ್ ಚಾಲ್ತಿಯಲ್ಲಿದೆ ಎಂದು ತೋರಿಸುವ ಪುಟವನ್ನು ಮುದ್ರಿಸಿಕೊಂಡು, ಅದು ಕೈಯಲ್ಲಿದ್ದ ಮೇಲೆಯೇ ರಿಕ್ಷಾ ಸ್ಟಾರ್ಟ್ ಮಾಡಿ.