ಹಳೆಯ ತಂಬೂರಿ ಕೊಳ್ಳುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಭಜನಾ ಮಂಡಳಿಯಲ್ಲಿ ತತ್ವಪದ ಹಾಡಲು ತಂಬೂರಿ ಬೇಕಾಗಿದೆ. ಹಳೆಯ ಸಾಮಾನು ಮಾರುವ ಆನ್‌ಲೈನ್ ತಾಣವೊಂದರಲ್ಲಿ ಮಹಾರಾಷ್ಟ್ರದ ಮೀರಜ್ ಊರಿನಲ್ಲಿ ಮಾಡಿದ ನಾಲ್ಕು ತಂತಿಯ ತಂಬೂರಿ ಕಂಡಿದೆ. ಮಾರುವವರು ಪುಣೆಯಲ್ಲಿದ್ದಾರೆ, ಹೋಗಿ ನೋಡಿ ಬರುವುದು ಆಗದ ಮಾತು. ಮೂರು ಫೋಟೊ ಹಾಕಿದ್ದಾರೆ. ಮೂರರಲ್ಲೂ ತಂಬೂರಿ ಫಳಫಳ ಹೊಳೆಯುತ್ತಿದೆ. ಇನ್ನೇನು ಕೇಳಬೇಕು?
— ಓದುಗರೊಬ್ಬರು, ಗದಗ

ಉತ್ತರ: ಹೊಳಪನ್ನು ಲೆಕ್ಕಕ್ಕೇ ಹಿಡಿಯಬೇಡಿ. ಮಾರುವ ಮುನ್ನ ಹೊಸದಾಗಿ ಪಾಲಿಶ್ ಹೊಡೆಸಿದ್ದರೆ ಅದರಡಿ ಏನು ಮುಚ್ಚಿದ್ದಾರೆ ಎಂದು ಅನುಮಾನಿಸುವುದೇ ಸರಿ. ತಂತಿ, ಶ್ರುತಿಯನ್ನು ಚೂರು ಹೊಂದಿಸುವ ಮಣಿ, ತಂತಿಯಡಿ ತೂರಿಸುವ ದಾರವಾದ ಜೀವಾಳ, ತಂತಿ ಬಿಗಿಯುವ ಬಿರಡೆ, ಹಲಗೆಯ ಮೇಲೆ ತಂತಿಗಳನ್ನು ಹೊತ್ತ ಕುದುರೆ ಇವು ಕೆಟ್ಟಿದ್ದರೂ ಗಾಬರಿ ಬೇಡ, ಬದಲಾಯಿಸಬಹುದು. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಕೆಟ್ಟಿದ್ದರೆ ಬಿಟ್ಟುಬಿಡಬೇಕಾದ್ದು ಮೂರು ಕಡೆ: ಕೆಳಗಿನ ದುಂಡನೆಯ ಬುರುಡೆ, ಅದರ ಬಾಯಿ ಮುಚ್ಚುವ ಮೇಲ್ಹಲಗೆ, ಉದ್ದನೆಯ ದಂಡಿ ಬಂದು ಬುರುಡೆಗೆ ಕೂರುವ ಕೊರಳು. ಫೋಟೊ ಕೇಳುವಾಗ ಈ ಮೂರನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಕೊರಳಿನಿಂದ ಶುರು ಮಾಡೋಣ. ನಾಲ್ಕೂ ತಂತಿಗಳು ಹಗಲೂ ರಾತ್ರಿ ದಂಡಿಯನ್ನು ಮುಂದಕ್ಕೆ ಬಗ್ಗಿಸಲು ಎಳೆಯುತ್ತಿರುತ್ತವೆ. ಹಾಗಾಗಿ ಅಂಟು ಬಿಟ್ಟರೆ ಸಂದು ತೆರೆದುಕೊಳ್ಳುವುದು ಸಾಮಾನ್ಯವಾಗಿ ಹಿಂಬದಿಯಲ್ಲಿ. ಮಾರುವವರು ಹಿಂಬದಿಯ ಫೋಟೊ ಹಾಕುವುದೇ ಅಪರೂಪ. ಕೊರಳಿನ ಹಿಂಬದಿ, ಎಡ, ಬಲ ಮೂರೂ ಕಡೆಯಿಂದ ಹತ್ತಿರದ ಫೋಟೊ ಕೇಳಿ. ತಂತಿಗಳನ್ನು ಪೂರ್ತಿ ಶ್ರುತಿಗೆ ಬಿಗಿದ ಮೇಲೆ ತೆಗೆದ ಫೋಟೊ ಆಗಿರಬೇಕು. ತಂತಿ ಸಡಿಲ ಬಿಟ್ಟಾಗ ಸಂದು ಬಾಯಿ ಮುಚ್ಚಿಕೊಂಡು ಏನೂ ಆಗಿಲ್ಲದಂತೆ ಕಾಣುತ್ತದೆ. ತೆಳು ಕಾಗದದ ಅಂಚನ್ನು ಸಂದಿಗೆ ಒತ್ತಿ ತೋರಿಸಲು ಹೇಳಿ. ಕಾಗದ ಒಳಗೆ ನುಸುಳಿದರೆ ಕೊರಳು ಬಿಟ್ಟಿದೆ ಎಂದೇ ಅರ್ಥ. ಅದನ್ನು ಬಿಚ್ಚಿ ಮತ್ತೆ ಕೂರಿಸುವುದು ನುರಿತ ಕುಶಲಕರ್ಮಿಯ ಕೆಲಸ. ಅಂಥವರು ನಿಮ್ಮ ಹತ್ತಿರದಲ್ಲಿಲ್ಲದಿದ್ದರೆ ಆ ತಂಬೂರಿ ಬೇಡ.

ಮೇಲ್ಹಲಗೆ ನೋಡಲು ಒಂದು ಸ್ಕೇಲ್ ಸಾಕು. ಒಳ್ಳೆಯ ಹಲಗೆ ನಡುವೆ ತುಸು ಉಬ್ಬಿರುತ್ತದೆ. ಕುದುರೆಯ ಮುಂದೆ ಸ್ಕೇಲನ್ನು ಅಡ್ಡಲಾಗಿ, ಅಂಚು ಕೆಳಗೆ ಬರುವಂತೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿದು ಫೋಟೊ ತೆಗೆಯಲು ಹೇಳಿ. ಸ್ಕೇಲಿನ ನಡುಭಾಗ ಹಲಗೆಗೆ ತಾಗಿ ಎರಡೂ ತುದಿಗಳಡಿ ಬೆಳಕು ಕಂಡರೆ ಸರಿಯಿದೆ. ತುದಿಗಳು ತಾಗಿ ನಡುವೆ ಬೆಳಕು ಕಂಡರೆ ಕುದುರೆಯ ಭಾರಕ್ಕೆ ಹಲಗೆ ಕುಸಿದಿದೆ. ಕುಸಿದ ಹಲಗೆ ತಾನಾಗಿ ಮೇಲೇಳುವುದಿಲ್ಲ, ವರ್ಷ ಕಳೆದಂತೆ ಇನ್ನಷ್ಟು ಇಳಿಯುತ್ತದೆ.

ಬುರುಡೆಯನ್ನು ಬಿಸಿಲು ಓರೆಯಾಗಿ ಬೀಳುವ ಕಡೆ ಇಟ್ಟು ತಳ ಮತ್ತು ಬದಿಗಳ ಫೋಟೊ ತರಿಸಿಕೊಳ್ಳಿ. ನೇರ ಬೆಳಕಿನಲ್ಲಿ ಕಾಣದ ಗೆರೆ ಓರೆ ಬೆಳಕಿನಲ್ಲಿ ಕಾಣುತ್ತದೆ. ಹಿಂದೊಮ್ಮೆ ಒಡೆದು ಅಂಟಿಸಿದ ಸೋರೆಬುರುಡೆ ಕೆಟ್ಟದ್ದು ಎಂದೇನಲ್ಲ. ಒಳಗಿನಿಂದ ಬಟ್ಟೆಯ ಪಟ್ಟಿ ಹಚ್ಚಿ ಗಟ್ಟಿಯಾಗಿ ಅಂಟಿಸಿದ್ದರೆ ಎಷ್ಟೋ ವರ್ಷ ಬಾಳುತ್ತದೆ. ಬಿರುಕು ಕೊರಳಿನ ಕಡೆಗೆ ಅಥವಾ ಹಲಗೆಯ ಅಂಚಿಗೆ ಓಡಿದ್ದರೆ ಮಾತ್ರ ಬೇಡ. ಬೆರಳ ಗೆಣ್ಣಿನಿಂದ ಬುರುಡೆಯ ಸುತ್ತ ತಟ್ಟುವ ವಿಡಿಯೊ ಕೇಳಿ. ಸುತ್ತಲೂ ಒಂದೇ ಬಗೆಯ ದನಿ ಬರಬೇಕು. ಒಂದು ಕಡೆ ಮಾತ್ರ ಒಡಕು ದನಿ ಬಂದರೆ ಬಿರುಕು ಅಲ್ಲಿದೆ.

ಕುಟ್ಟೆ ಹುಳುವಿನ ವಿಷಯದಲ್ಲಿ ನಾವು ಸ್ವಲ್ಪವೂ ರಾಜಿಯಾಗುವುದಿಲ್ಲ. ಒಂದೆರಡು ಮಿಲಿಮೀಟರಿನ ದುಂಡು ತೂತುಗಳಿದ್ದರೆ, ತಂಬೂರಿಯನ್ನು ಬಿಳಿ ಕಾಗದದ ಮೇಲೆ ಎರಡು ದಿನ ಇರಿಸಿ ಫೋಟೊ ಕಳಿಸಲು ಹೇಳಿ. ಕಾಗದದ ಮೇಲೆ ಹೊಸ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳು ಒಳಗೆ ಬದುಕಿದೆ. ಅಂಥದ್ದನ್ನು ಮನೆಗೆ ತಂದರೆ ಮನೆಯಲ್ಲಿರುವ ಉಳಿದ ಮರದ ವಾದ್ಯಗಳಿಗೂ ಅಪಾಯ. ತೂತು ಹಳೆಯದಾಗಿ, ಅಂಚು ಕಪ್ಪಾಗಿ, ಪುಡಿ ಬೀಳದಿದ್ದರೆ ಯೋಚಿಸಬಹುದು.

ದಂಡಿ ಚೂರು ಬಾಗಿದ್ದರೆ ಹಲವರು ಹೆದರುತ್ತಾರೆ. ವೀಣೆ, ಸಿತಾರಿನಲ್ಲಿ ತಂತಿಯನ್ನು ಮೆಟ್ಟಿಲ ಮೇಲೆ ಒತ್ತಿ ನುಡಿಸುವುದರಿಂದ ಅಲ್ಲಿ ಬಾಗು ದೊಡ್ಡ ದೋಷ. ತಂಬೂರಿಯಲ್ಲಿ ಒತ್ತುವುದೇ ಇಲ್ಲ, ತೆರೆದ ತಂತಿಯನ್ನು ಮೀಟುತ್ತೇವೆ ಅಷ್ಟೆ. ದಂಡಿಯ ಮೇಲೆ ಉದ್ದಕ್ಕೆ ದಾರ ಬಿಗಿದು ನೋಡಿದಾಗ ನಡುವೆ ಎರಡು ಮೂರು ಮಿಲಿಮೀಟರ್ ಅಂತರ ಕಂಡರೂ ನಡೆಯುತ್ತದೆ. ದಂಡಿ ತಿರುಚಿಕೊಂಡಿದ್ದರೆ ಬೇಡ.

ಕೊನೆಗೆ ನಾದ. ವಿಡಿಯೊ ಕರೆಯಲ್ಲಿ ಕೇಳಿ ತೀರ್ಮಾನಿಸಬೇಡಿ. ಕರೆಯ ವೇಳೆ ಫೋನು ಎಡೆಬಿಡದೆ ಬರುವ ಸದ್ದನ್ನು ಗದ್ದಲವೆಂದು ಬಗೆದು ಅಡಗಿಸಿಬಿಡುತ್ತದೆ, ತಂಬೂರಿಯ ಝೇಂಕಾರ ಅದರಲ್ಲಿ ಮೊದಲು ಸಾಯುತ್ತದೆ. ಫ್ಯಾನ್ ಆರಿಸಿದ ಕೋಣೆಯಲ್ಲಿ ಫೋನನ್ನು ಒಂದು ಮೀಟರ್ ದೂರವಿಟ್ಟು ಚಿತ್ರಿಸಿದ ವಿಡಿಯೊ ಫೈಲ್ ತರಿಸಿ. ಒಂದೊಂದೇ ತಂತಿಯನ್ನು ಮೀಟಿ ನಾದ ತಾನಾಗಿ ಆರುವವರೆಗೆ ಬಿಡಬೇಕು, ಮೊದಲು ಜೀವಾಳ ತೆಗೆದು, ಆಮೇಲೆ ಹಾಕಿ. ಐದಾರು ಸೆಕೆಂಡಿಗೂ ಮುನ್ನ ನಾದ ಬತ್ತಿದರೆ ಏನೋ ಸಡಿಲವಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಮೀಟಿಸಿ: ಶ್ರುತಿ ಇಳಿದಿದ್ದರೆ ಬಿರಡೆಯನ್ನೋ ಕೊರಳನ್ನೋ ಇನ್ನೊಮ್ಮೆ ಪರೀಕ್ಷಿಸಿ.

ಪ್ರಶ್ನೆ: ನಾನು ಹಾಡುವುದು ಕಪ್ಪು ನಾಲ್ಕರಲ್ಲಿ, ಎಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ ಶ್ರುತಿಯಲ್ಲಿ. ಸಿಕ್ಕಿರುವ ತಂಬೂರಿ ಕಪ್ಪು ಒಂದರದ್ದು. ಬಿರಡೆ ತಿರುಗಿಸಿ ಏರಿಸಿಕೊಂಡರಾಯಿತು ಎನ್ನುತ್ತಾರೆ ಮಾರುವವರು.
— ಓದುಗರೊಬ್ಬರು, ಧಾರವಾಡ

ಉತ್ತರ: ಆಗದು. ಕಪ್ಪು ಒಂದರಿಂದ ಕಪ್ಪು ನಾಲ್ಕು ಎಂದರೆ ಷಡ್ಜದಿಂದ ಪಂಚಮದಷ್ಟು ದೂರ, ಕಂಪನಾಂಕ ಒಂದೂವರೆ ಪಟ್ಟಾಗಬೇಕು. ಅದೇ ಉದ್ದದ ಅದೇ ತಂತಿಯಲ್ಲಿ ಕಂಪನಾಂಕ ಒಂದೂವರೆ ಪಟ್ಟಾಗಲು ಎಳೆತ 2.25 ಪಟ್ಟಾಗಬೇಕು. ತಂತಿ ಹರಿಯುವುದು ಇರಲಿ, ಹರಿಯದೆ ತಡೆದುಕೊಂಡರೆ ಕೊರಳು ಬಿಟ್ಟುಕೊಳ್ಳುತ್ತದೆ. ತೆಳು ತಂತಿ ಹಾಕಿ ಎಳೆತ ಇಳಿಸಬಹುದು, ಆದರೆ ಆ ದೊಡ್ಡ ಬುರುಡೆಯಲ್ಲಿ ತೆಳು ತಂತಿಯ ನಾದ ಸೊರಗುತ್ತದೆ. ಕಪ್ಪು ಒಂದರಿಂದ ಕಪ್ಪು ಎರಡಕ್ಕೆ ಏರಿಸುವುದಾದರೆ ಎಳೆತ ಸುಮಾರು ಕಾಲು ಪಾಲು ಹೆಚ್ಚುತ್ತದೆ. ಗಟ್ಟಿಮುಟ್ಟಾದ ತಂಬೂರಿ ಅಷ್ಟನ್ನು ತಡೆಯುತ್ತದೆ.

ನಿಮ್ಮ ಕಪ್ಪು ನಾಲ್ಕಿಗೆ ಹೊಂದುವುದು ಹೆಂಗಸರ ದನಿಗೆಂದೇ ಮಾಡಿದ ತಂಬೂರಿ, ಅದು ಗಾತ್ರದಲ್ಲಿ ಚಿಕ್ಕದು. ಜಾಹೀರಾತಿನಲ್ಲಿ ಬರೆದದ್ದನ್ನು ನಂಬದೆ, ಕುದುರೆಯಿಂದ ತಲೆಯ ಕಡೆಯ ಪಟ್ಟಿಯವರೆಗೆ ತಂತಿ ಮಿಡಿಯುವ ಉದ್ದವನ್ನು ಟೇಪಿನಲ್ಲಿ ಅಳೆಸಿ. ಗಂಡು ದನಿಯದ್ದರಲ್ಲಿ ಅದು ಒಂದು ಮೀಟರಿಗೆ ಹತ್ತಿರವಿದ್ದರೆ, ನಿಮಗೆ ಬೇಕಾದ್ದರಲ್ಲಿ 80 ಸೆಂಟಿಮೀಟರಿನ ಆಸುಪಾಸು ಇರುತ್ತದೆ.

ಪ್ರಶ್ನೆ: ಹಳೆಯ ತಂಬೂರಿ ತರಿಸಿದೆವು. ಬುರುಡೆ, ದಂಡಿ ಚೆನ್ನಾಗಿವೆ. ಆದರೆ ನಾದ ಬಿಚ್ಚಿಕೊಳ್ಳುತ್ತಿಲ್ಲ, ಮೀಟಿದರೆ ಟಣ್ ಎಂದು ನಿಂತುಬಿಡುತ್ತದೆ. ಮೋಸ ಹೋದೆವೇ?
— ಭಜನಾ ಮಂಡಳಿಯವರು, ಹಾವೇರಿ

ಉತ್ತರ: ಹಾಗೆಂದು ಈಗಲೇ ಹೇಳಲಾಗದು. ಖರ್ಚಿಲ್ಲದ್ದರಿಂದ ಶುರು ಮಾಡಿ ಒಂದೊಂದೇ ನೋಡಿ. ಮೊದಲು ಜೀವಾಳ. ಮಾಮೂಲಿ ಹತ್ತಿಯ ದಾರವನ್ನು ತಂತಿಗೂ ಕುದುರೆಗೂ ನಡುವೆ ತೂರಿಸಿ, ಒಂದು ಕೈಯಲ್ಲಿ ಮೀಟುತ್ತ ಇನ್ನೊಂದು ಕೈಯಲ್ಲಿ ದಾರವನ್ನು ಕುದುರೆಯ ಇಳಿಜಾರಿನ ಮೇಲೆ ಹಿಂದೆ ಮುಂದೆ ಬಹಳ ನಿಧಾನವಾಗಿ ಸರಿಸಿ. ಒಂದು ಜಾಗದಲ್ಲಿ ಟಣ್ ಎನ್ನುತ್ತಿದ್ದ ತಂತಿ ತಟ್ಟನೆ ಝೇಂಕರಿಸತೊಡಗುತ್ತದೆ. ಅರ್ಧ ಮಿಲಿಮೀಟರ್ ದಾಟಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಜಾಗ ನಾಲ್ಕು ತಂತಿಗಳಿಗೂ ಬೇರೆ ಬೇರೆ.

ಅದರಿಂದ ಆಗದಿದ್ದರೆ ತಂತಿ ಬದಲಾಯಿಸಿ. ತುಕ್ಕು ಹಿಡಿದ ಉಕ್ಕಿಗೂ ಕಪ್ಪಾದ ಹಿತ್ತಾಳೆಗೂ ನಾದ ಇರುವುದಿಲ್ಲ. ಕಪ್ಪು ಒಂದರ ತಂಬೂರಿಗೆ ನಡುವಿನ ಎರಡು ಷಡ್ಜಗಳಿಗೆ ಸುಮಾರು 0.30 ಮಿಲಿಮೀಟರಿನ ಉಕ್ಕು, ಮಂದ್ರ (ಕೆಳಗಿನ) ಷಡ್ಜಕ್ಕೆ 0.50 ಮಿಲಿಮೀಟರಿನ ಆಸುಪಾಸಿನ ಹಿತ್ತಾಳೆ ಹೊಂದುತ್ತದೆ. ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಕೆಲವು ತಂಬೂರಿಗಳಲ್ಲಿ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ಪಾದಗಳ ಸುತ್ತ ಪೆನ್ಸಿಲ್ ಗೆರೆ ಎಳೆದುಕೊಂಡು ಒಂದೊಂದೇ ತಂತಿ ಬದಲಾಯಿಸಿ.

ಹೊಸ ತಂತಿಗೂ ನಾದ ಬಿಚ್ಚದಿದ್ದರೆ ಕುದುರೆ ಸವೆದಿದೆ. ತಂತಿಯನ್ನು ಪಕ್ಕಕ್ಕೆ ಸರಿಸಿ ಅದು ಕೂರುತ್ತಿದ್ದ ಜಾಗದ ಮೇಲೆ ಉಗುರನ್ನು ಅಡ್ಡ ಎಳೆಯಿರಿ. ಉಗುರು ತಡೆದರೆ ತಂತಿ ಅಲ್ಲಿ ಕಾಲುವೆ ಕೊರೆದಿದೆ. ತಂಬೂರಿಯ ಕುದುರೆಯ ಮೈ ಅಗಲವಾಗಿ, ಕಣ್ಣಿಗೆ ಗೊತ್ತಾಗದಷ್ಟು ಬಾಗಿರುತ್ತದೆ. ತಂತಿ ಆ ಬಾಗಿನ ಮೇಲೆ ಸವರುತ್ತ ಮಿಡಿಯುವುದರಿಂದಲೇ ಝೇಂಕಾರ ಹುಟ್ಟುವುದು. ಅದನ್ನು ಮತ್ತೆ ಅರದಿಂದ ತಿದ್ದುವುದಕ್ಕೆ ಜವಾರಿ ತೆಗೆಯುವುದು ಎನ್ನುತ್ತಾರೆ. ದಯವಿಟ್ಟು ಮನೆಯಲ್ಲಿ ಮರಳು ಕಾಗದ ಹಿಡಿದು ಕೂರಬೇಡಿ. ಬಾಗು ಕೂದಲೆಳೆಯಷ್ಟು ತಪ್ಪಿದರೂ ನಾದ ಹೋಗುತ್ತದೆ, ತಿದ್ದಿದಷ್ಟೂ ಕುದುರೆ ತಗ್ಗುತ್ತದೆ. ಬಲ್ಲವರ ಕೈಗೆ ಕೊಡಿ.

ಪ್ರಶ್ನೆ: ಬಿರಡೆ ನಿಲ್ಲುವುದೇ ಇಲ್ಲ, ಬಿಗಿದು ಕೈಬಿಟ್ಟರೆ ಸುಯ್ಯೆಂದು ತಿರುಗಿ ಬರುತ್ತದೆ.
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಬಿಸಿಲಿಗೆ ಮರ ಕುಗ್ಗಿದಾಗ ಹೀಗಾಗುತ್ತದೆ, ಮಳೆಗಾಲದಲ್ಲಿ ಅದೇ ಬಿರಡೆ ಉಬ್ಬಿ ಅಲುಗದಂತೆ ಕಚ್ಚಿಕೊಳ್ಳುತ್ತದೆ. ಬಿರಡೆಯನ್ನು ಹೊರಗೆಳೆದು ಒರೆಸಿ, ತೂತಿಗೆ ತಾಗುವ ಕಡೆ ಸೀಮೆಸುಣ್ಣ ತಿಕ್ಕಿ, ತಿರುಗಿಸುತ್ತಲೇ ಒಳಕ್ಕೆ ಒತ್ತಿ ಕೂರಿಸಿ. ಕಚ್ಚಿಕೊಳ್ಳುವ ಬಿರಡೆಗೆ ಒಣ ಸಾಬೂನು. ಎಣ್ಣೆ ಎಂದಿಗೂ ಬೇಡ.

ಸುಣ್ಣಕ್ಕೂ ಬಗ್ಗದಿದ್ದರೆ ಬಿರಡೆಯ ಮೈ ನೋಡಿ. ತೂತಿಗೆ ತಾಗುವ ಕಡೆ ಸುತ್ತಲೂ ಹೊಳೆಯುವ ಬಳೆಯಂಥ ಗುರುತು ಇರಬೇಕು. ಅರ್ಧ ಬಳೆ ಮಾತ್ರ ಇದ್ದರೆ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆ, ತೂತನ್ನು ಕೊರೆದು ದಪ್ಪ ಬಿರಡೆ ಮಾಡಿಸಬೇಕು. ಕೊಳ್ಳುವ ಮೊದಲೇ ಫೋಟೊದಲ್ಲಿ ಇದನ್ನು ಊಹಿಸಬಹುದು: ಬಿರಡೆಯ ಹಿಡಿ ದಂಡಿಯ ಗೋಡೆಗೆ ತಾಗುವಷ್ಟು ಒಳಹೋಗಿದ್ದರೆ ಇನ್ನು ಒತ್ತಲು ಜಾಗವಿಲ್ಲ. ತೂತಿನಿಂದ ಮರದ ಎಳೆಗುಂಟ ಬಿರುಕು ಹೊರಟಿದ್ದರೆ ಅದು ದೊಡ್ಡ ರಿಪೇರಿ.

ಪ್ರಶ್ನೆ: 'ಅಸಲಿ ಮೀರಜ್, ದಂತದ ಕುದುರೆ' ಎಂದು ಬರೆದು ಹೆಚ್ಚು ಬೆಲೆ ಹೇಳುತ್ತಿದ್ದಾರೆ.
— ಓದುಗರೊಬ್ಬರು, ಬೆಳಗಾವಿ

ಉತ್ತರ: ದಂತವೆಂದು ಅವರೇ ಹೇಳುತ್ತಿದ್ದರೆ ದೂರವಿರಿ. ಆನೆದಂತ, ಜಿಂಕೆಯ ಕೊಂಬು ಇವುಗಳ ವ್ಯಾಪಾರಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಿಷೇಧವಿದೆ, ಕೊಂಡವರೂ ತೊಂದರೆಗೆ ಸಿಕ್ಕುತ್ತಾರೆ. ಒಂಟೆಯ ಮೂಳೆಯ ಕುದುರೆ ಚೆನ್ನಾಗಿಯೇ ನುಡಿಯುತ್ತದೆ. ಮೀರಜ್‌ನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಯ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ) ಮಾನ್ಯತೆ ಸಿಕ್ಕಿದ್ದು ನಿಜ. ಆದರೆ ಹಳೆಯ ವಾದ್ಯದ ಮೇಲೆ ಅಂಟಿಸಿದ ಚೀಟಿ ಅದರ ಈಗಿನ ಸ್ಥಿತಿಯನ್ನು ಹೇಳುವುದಿಲ್ಲ.

ಪ್ರಶ್ನೆ: ಏಕತಾರಿಗೂ ಇವೇ ಪರೀಕ್ಷೆಗಳೇ?
— ಓದುಗರೊಬ್ಬರು, ಚಾಮರಾಜನಗರ

ಉತ್ತರ: ಬುರುಡೆಯ ಮಟ್ಟಿಗೆ ಹೌದು. ಚರ್ಮ ಹೊದಿಸಿದ ಏಕತಾರಿಯಾದರೆ ಕುದುರೆ ಕೂರುವ ಜಾಗ ಮತ್ತು ಚರ್ಮದ ಅಂಚನ್ನು ನೋಡಿ, ಹರಿಯಲು ಶುರುವಾಗುವುದು ಅಲ್ಲೇ. ದಂಡಿ ಬುರುಡೆಯನ್ನು ತೂರಿ ಹೋಗುವ ತೂತು ಸಡಿಲವಾಗಿದ್ದರೆ ಶ್ರುತಿ ನಿಲ್ಲುವುದಿಲ್ಲ. ಚರ್ಮ ಬದಲಾಯಿಸುವುದು ಕಷ್ಟವಲ್ಲ.

ಪ್ರಶ್ನೆ: ಮುಂಗಡ ಕಳಿಸಿ ಎನ್ನುತ್ತಿದ್ದಾರೆ. ಕೊರಿಯರ್‌ನಲ್ಲಿ ಬುರುಡೆ ಒಡೆಯದಂತೆ ಬರುವುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮುಂಗಡಕ್ಕೂ ಮುನ್ನ, ಆ ದಿನದ ಪತ್ರಿಕೆಯನ್ನು ತಂಬೂರಿಗೆ ಒರಗಿಸಿಟ್ಟ ಫೋಟೊ ಕೇಳಿ. ವಾದ್ಯ ಅವರ ಬಳಿ ಇಲ್ಲದಿದ್ದರೆ ಇಲ್ಲೇ ಸಿಕ್ಕಿಬೀಳುತ್ತಾರೆ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಸೈಬರ್ ವಂಚನೆಯ ದೂರನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ.

ಪ್ಯಾಕಿಂಗ್ ಹೇಗಿರಬೇಕೆಂದು ನೀವೇ ಬರೆದು ಕೊಡಿ. ತಂತಿಗಳನ್ನು ಎರಡು ಮೂರು ಸ್ವರದಷ್ಟು ಇಳಿಸಬೇಕು, ಪೂರ್ತಿ ಬಿಚ್ಚಬಾರದು. ಕುದುರೆಯ ಸುತ್ತ ಬಟ್ಟೆ ಸುತ್ತಬೇಕು. ರಟ್ಟಿನ ಪೆಟ್ಟಿಗೆ ಸಾಲದು, ಮರದ ಪಟ್ಟಿಯ ಪೆಟ್ಟಿಗೆ ಆಗಬೇಕು. ಬುರುಡೆಯ ಸುತ್ತ ಎಲ್ಲ ಕಡೆ ಕನಿಷ್ಠ 10 ಸೆಂಟಿಮೀಟರ್ ಫೋಮ್ ಇರಬೇಕು. ಬಹಳ ಮಂದಿ ಬುರುಡೆಯನ್ನಷ್ಟೇ ಕಾಪಾಡಿ ದಂಡಿಯನ್ನು ಮರೆಯುತ್ತಾರೆ. ದಂಡಿಯಡಿ ಆಸರೆ ಇಲ್ಲದೆ ಪೆಟ್ಟಿಗೆ ಕೆಳಗೆ ಬಿದ್ದರೆ ಪೆಟ್ಟೆಲ್ಲ ಕೊರಳಿಗೆ ಬೀಳುತ್ತದೆ. ದಂಡಿಯ ನಡುವೆ ಒಂದು, ತಲೆಯಡಿ ಒಂದು ದಿಂಬು ಇರಲಿ.

ಬಂದ ಪೆಟ್ಟಿಗೆಯನ್ನು ಒಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ವಿಡಿಯೊ ಮಾಡಿ, ಪರಿಹಾರ ಕೇಳಲು ಅದೇ ಆಧಾರ. ಅಂದೇ ಶ್ರುತಿಗೆ ಏರಿಸಲು ಹೋಗಬೇಡಿ. ಒಂದು ದಿನ ಹೊಸ ಹವೆಗೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಎರಡು ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪ್ರತಿ ಸಲ ಬಿಗಿದ ಮೇಲೂ ಕೊರಳಿನ ಹಿಂಬದಿಗೆ ಬೆರಳಾಡಿಸಿ ನೋಡಿ.